ಬೇರೆಯವರ ಭಟ್ಟಿಯ ಬರ್ಬನ್‌ಗೆ ನೂರು ಡಾಲರ್ ಕೊಡಬಹುದಾ?

ಅಮೆರಿಕದ ಇಂಡಿಯಾನಾ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಒಹಾಯೊ ನದಿಯ ದಂಡೆಯಲ್ಲಿ ಲಾರೆನ್ಸ್‌ಬರ್ಗ್ ಅಂತ ಒಂದು ಸಣ್ಣ ಊರಿದೆ. ಅಲ್ಲೊಂದು ಭಾರೀ ಡಿಸ್ಟಿಲರಿ. ಅದರ ಚರಿತ್ರೆ 1847ರಿಂದ ಶುರುವಾಗುತ್ತದೆ. 1933ರಲ್ಲಿ ಕೆನಡಾದ ಸೀಗ್ರಾಮ್ ಕಂಪನಿ ಅದನ್ನು ಕೊಂಡಿತು. ಸೀಗ್ರಾಮ್ ಒಡೆದು ಹಂಚಿಹೋದ ಮೇಲೆ ಕೈಯಿಂದ ಕೈಗೆ ದಾಟಿ, 2011ರಲ್ಲಿ ಕಾನ್ಸಾಸ್‌ನ ಎಂಜಿಪಿ ಎಂಬ ಕಂಪನಿಯ ಪಾಲಾಯಿತು. 2021ರಲ್ಲಿ ಡಿಸ್ಟಿಲರಿಗೆ ರಾಸ್ ಅಂಡ್ ಸ್ಕ್ವಿಬ್ ಅಂತ ಹೊಸ ಹೆಸರಿಟ್ಟರು. ಆದರೂ ವಿಸ್ಕಿ ಪ್ರಿಯರ ಬಾಯಲ್ಲಿ ಅದು ಇವತ್ತಿಗೂ ಬರೀ ‘ಎಂಜಿಪಿ’.

ಈ ಒಂದೇ ಡಿಸ್ಟಿಲರಿಯ ಸರಕು ಅಮೆರಿಕದ ಅಂಗಡಿಗಳಲ್ಲಿ ಹತ್ತಾರು ಹೆಸರು ಹೊತ್ತು ನಿಂತಿದೆ. ಒಂದು ಬಾಟಲಿ ನಲವತ್ತು ಡಾಲರ್ ಒಳಗೆ ಸಿಗುತ್ತದೆ, ಇನ್ನೊಂದು ನೂರು ದಾಟುತ್ತದೆ. ಒಂದರ ಲೇಬಲ್ ಮೇಲೆ ಕುದುರೆ, ಇನ್ನೊಂದರ ಮೇಲೆ ಮೀಸೆಯ ಅಜ್ಜ. ಹೀಗೆ ಬೇರೆಯವರು ಭಟ್ಟಿ ಇಳಿಸಿದ ವಿಸ್ಕಿಯನ್ನು ಕೊಂಡು, ತನ್ನ ಹೆಸರು ಅಂಟಿಸಿ ಮಾರುವುದಕ್ಕೆ ಅಲ್ಲಿ ಸೋರ್ಸಿಂಗ್ ಅನ್ನುತ್ತಾರೆ. ಅಂಥ ಬಾಟಲಿಗೆ ನೂರು ಡಾಲರ್ ಕೊಡಬಹುದಾ? ನನ್ನ ಉತ್ತರ: ಕೆಲವಕ್ಕೆ ಕಣ್ಣು ಮುಚ್ಚಿ ಕೊಡಬಹುದು, ಬಹಳಷ್ಟಕ್ಕೆ ಕೊಡಬಾರದು. ಯಾವುದು ಯಾವ ಗುಂಪಿಗೆ ಸೇರಿದ್ದು ಅನ್ನುವುದು ಲೇಬಲ್‌ನಲ್ಲೇ ಮುಕ್ಕಾಲು ಪಾಲು ಬರೆದಿರುತ್ತದೆ. ಮುಂಭಾಗದಲ್ಲಿ ಇರುವುದಿಲ್ಲ ಅಷ್ಟೆ.

ಮೊದಲು ಬರ್ಬನ್ ಅಂದರೇನು ಅಂತ ಬೇಗ ನೋಡಿಬಿಡೋಣ. ಅದೊಂದು ಬಗೆಯ ವಿಸ್ಕಿ, ಅಮೆರಿಕದಲ್ಲೇ ತಯಾರಾಗಬೇಕು. ಧಾನ್ಯದಲ್ಲಿ ಕನಿಷ್ಠ 51% ಮೆಕ್ಕೆಜೋಳ ಇರಬೇಕು. ಉಳಿದದ್ದು ಸಾಮಾನ್ಯವಾಗಿ ರೈ (ಗೋಧಿಯಂಥದೇ ಇನ್ನೊಂದು ಧಾನ್ಯ) ಅಥವಾ ಗೋಧಿ, ಜೊತೆಗೆ ಸ್ವಲ್ಪ ಬಾರ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಒಳಗೋಡೆ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಯಲ್ಲಿ ಅದನ್ನು ಇಡಬೇಕು. ಪೀಪಾಯಿಗೆ ತುಂಬುವಾಗ ಆಲ್ಕೊಹಾಲ್ 62.5% ಮೀರಬಾರದು, ಬಾಟಲಿಗೆ ತುಂಬುವಾಗ 40%ಗಿಂತ ಕಮ್ಮಿ ಇರಬಾರದು. ಬಣ್ಣ ಬೆರೆಸುವಂತಿಲ್ಲ, ರುಚಿ ಬೆರೆಸುವಂತಿಲ್ಲ. ಹೆಸರಿನ ಜೊತೆ ‘ಸ್ಟ್ರೈಟ್’ ಅಂತ ಇದ್ದರೆ ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿ ಕಳೆದಿದೆ ಅಂತ ಅರ್ಥ.

ಕಷ್ಟ ಇರುವುದು ಈ ಪೀಪಾಯಿಯ ಕಾಲದಲ್ಲೇ. ಇವತ್ತು ನೀವು ಡಿಸ್ಟಿಲರಿ ಕಟ್ಟಿದರೆ ಎಂಟು ವರ್ಷದ ಬರ್ಬನ್ ಮಾರಲು ಎಂಟು ವರ್ಷ ಕಾಯಲೇಬೇಕು. ಸಾಲದ ಬಡ್ಡಿ ಕಾಯುವುದಿಲ್ಲ, ಅಲ್ವಾ? ಹಾಗಾಗಿ ಹೊಸಬರು ಈಗಾಗಲೇ ಹಣ್ಣಾದ ಪೀಪಾಯಿಗಳನ್ನು ಬೇರೆಯವರಿಂದ ಕೊಳ್ಳುತ್ತಾರೆ. ಅಮೆರಿಕದಲ್ಲಿ ಬರ್ಬನ್ ಹುಚ್ಚು ಏರಿದ ವರ್ಷಗಳಲ್ಲಿ ಇಂಡಿಯಾನಾದ ಈ ಡಿಸ್ಟಿಲರಿ ಅಂಥವರಿಗೆಲ್ಲ ಸಗಟು ಅಂಗಡಿಯಾಯಿತು. ಕೆಂಟಕಿಯ ದೊಡ್ಡ ಡಿಸ್ಟಿಲರಿಗಳೂ, ಟೆನೆಸಿಯ ಕೆಲವರೂ ಹೀಗೆ ಪೀಪಾಯಿ ಮಾರಿದ್ದಾರೆ.

ಇದರಲ್ಲಿ ತಪ್ಪೇನೂ ಇಲ್ಲ. ಮಲ್ಲೇಶ್ವರದಲ್ಲಿ ಒಳ್ಳೆಯ ಕಾಫಿಪುಡಿ ಅಂಗಡಿ ನಡೆಸುವವರನ್ನು “ನಿಮಗೆ ಚಿಕ್ಕಮಗಳೂರಲ್ಲಿ ತೋಟ ಇದೆಯಾ?” ಅಂತ ಯಾರೂ ಕೇಳುವುದಿಲ್ಲ. ಬೀಜ ಆರಿಸುವುದು, ಹುರಿಯುವುದು, ಹದವಾಗಿ ಬೆರೆಸುವುದು ಅವರ ಕಸುಬು. ಅದಕ್ಕೇ ನಾವು ದುಡ್ಡು ಕೊಡುವುದು. ತೋಟವೇ ಇಲ್ಲದೆ ಪೊಟ್ಟಣದ ಮೇಲೆ ‘ನಮ್ಮಜ್ಜನ ತೋಟದ್ದು’ ಅಂತ ಹಾಕಿದರೆ ಮಾತ್ರ ಜಗಳ.

ಅಂಥ ಜಗಳ ನಿಜಕ್ಕೂ ಆಗಿದೆ. ಟೆಂಪಲ್ಟನ್ ರೈ ಅಂತ ಒಂದು ಬ್ರ್ಯಾಂಡ್ ಇದೆ. ಬರ್ಬನ್ ಅಲ್ಲ, ರೈ ವಿಸ್ಕಿ. ಆದರೆ ಕಥೆ ಅದೇ. ಅಯೋವಾ ರಾಜ್ಯದ ಟೆಂಪಲ್ಟನ್ ಊರು, 1933ರವರೆಗೆ ಅಮೆರಿಕದಲ್ಲಿದ್ದ ಪಾನನಿಷೇಧದ ಕಾಲದಲ್ಲಿ, ಕಳ್ಳಭಟ್ಟಿ ರೈಗೆ ಹೆಸರಾಗಿತ್ತು. ಬಾಟಲಿಯ ಮೇಲೆ ಆ ಕಾಲದ ಪಾಕವಿಧಾನ ಅನ್ನುವ ಮಾತಿತ್ತು. ಒಳಗಿದ್ದದ್ದು ಇಂಡಿಯಾನಾದ ಎಂಜಿಪಿ ಸರಕು. 95% ರೈ, 5% ಬಾರ್ಲಿ ಮಾಲ್ಟ್, ಬೇರೆ ಬ್ರ್ಯಾಂಡ್‌ಗಳೂ ಕೊಳ್ಳುತ್ತಿದ್ದ ಅದೇ ಮಾದರಿ. 2014ರಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. 2015ರಲ್ಲಿ ರಾಜಿಯಾಯಿತು. ಕೊಂಡವರಿಗೆ ಒಂದಷ್ಟು ದುಡ್ಡು ವಾಪಸ್ ಸಿಕ್ಕಿತು, ಲೇಬಲ್‌ನಲ್ಲಿ ‘ಇಂಡಿಯಾನಾದಲ್ಲಿ ಭಟ್ಟಿ ಇಳಿಸಿದ್ದು’ ಅನ್ನುವ ಸಾಲು ಬಂತು. ತಮಾಷೆ ಏನೆಂದರೆ ಆ ರೈ ಕುಡಿಯಲು ಚೆನ್ನಾಗಿಯೇ ಇತ್ತು. ರುಚಿ ಕೆಟ್ಟದ್ದು ಅಂತ ಯಾರೂ ಕೋರ್ಟಿಗೆ ಹೋಗಿರಲಿಲ್ಲ.

ಅದೇ ಹೊತ್ತಿಗೆ ಯೂಟಾದ ಹೈ ವೆಸ್ಟ್, ವೆಸ್ಟ್ ವರ್ಜೀನಿಯಾದ ಸ್ಮೂತ್ ಆಂಬ್ಲರ್ ಕೂಡ ಕೊಂಡ ಸರಕನ್ನೇ ಮಾರುತ್ತಿದ್ದವು. ಸ್ಮೂತ್ ಆಂಬ್ಲರ್ ತನ್ನ ಕೊಂಡ ವಿಸ್ಕಿಗೆ ‘ಓಲ್ಡ್ ಸ್ಕೌಟ್’ ಅಂತಲೇ ಹೆಸರಿಟ್ಟಿತು. ಸ್ಕೌಟ್ ಅಂದರೆ ಹುಡುಕುವವನು, ನಾವು ಹುಡುಕಿ ತಂದದ್ದು ಅಂತ ಒಪ್ಪಿಕೊಂಡ ಹಾಗೆ. ಹೇಳಿ ಮಾರಿದ್ದಕ್ಕೆ ಅವರಿಗೆ ನಷ್ಟವಾಗಲಿಲ್ಲ. ಒಳ್ಳೆಯ ಹೆಸರೇ ಬಂತು.

ಬಾಟಲಿಯ ಹಿಂಬದಿ ಓದುವುದು

ಅಂಗಡಿಯಲ್ಲಿ ಬಾಟಲಿ ಕೈಗೆ ತೆಗೆದುಕೊಂಡ ಕೂಡಲೇ ತಿರುಗಿಸಿ. ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಇಂಥ ಕಂಪನಿ ‘ಡಿಸ್ಟಿಲ್’ ಮಾಡಿದ್ದು ಅಂತ ಇದ್ದರೆ ಭಟ್ಟಿ ಅವರದೇ. ‘ಬಾಟಲ್ಡ್ ಬೈ’ ಅಂತ ಮಾತ್ರ ಇದ್ದರೆ ಬೇರೆ ಯಾರದೋ ಅನ್ನುವ ಅನುಮಾನ ಇಟ್ಟುಕೊಳ್ಳಿ. ‘ಪ್ರೊಡ್ಯೂಸ್ಡ್ ಬೈ’ ಅನ್ನುವುದು ಮೋಸದ ಮಾತು. ಕಿವಿಗೆ ತಯಾರಿಕೆ ಅನ್ನುವ ಹಾಗೆ ಕೇಳಿಸುತ್ತದೆ. ಆದರೆ ಭಟ್ಟಿ ಅವರದೇ ಅನ್ನುವುದಕ್ಕೆ ಅದು ಖಾತ್ರಿ ಅಲ್ಲ.

ಲೇಬಲ್ ಮೇಲಿನ ವಿಳಾಸ ಒಂದು ರಾಜ್ಯದ್ದಾಗಿ, ಭಟ್ಟಿ ಇಳಿಸಿದ್ದು ಇನ್ನೊಂದು ರಾಜ್ಯದಲ್ಲಾದರೆ, ಆ ರಾಜ್ಯದ ಹೆಸರು ಹಾಕಲೇಬೇಕು ಅಂತ ಅಮೆರಿಕದ ಕೇಂದ್ರ ಕಾನೂನು ಹೇಳುತ್ತದೆ. ಟೆಂಪಲ್ಟನ್ ಸಿಕ್ಕಿಬಿದ್ದದ್ದು ಇಲ್ಲೇ. ಆದ್ದರಿಂದ ನೆವಾಡಾದ ಕಂಪನಿಯ ಬಾಟಲಿಯಲ್ಲಿ ‘ಡಿಸ್ಟಿಲ್ಡ್ ಇನ್ ಇಂಡಿಯಾನಾ’ ಅಂತ ಕಂಡರೆ, ಅದು ಎಂಜಿಪಿ ಇರಬಹುದು ಅಂತ ಊಹಿಸುವುದು ಕಷ್ಟವಲ್ಲ. ಆದರೆ ಈ ಕಾನೂನಿಗೆ ದೊಡ್ಡ ಕಿಂಡಿಯೊಂದಿದೆ. ಕೆಂಟಕಿಯ ಕಂಪನಿ ಕೆಂಟಕಿಯ ಇನ್ನೊಬ್ಬರ ಸರಕನ್ನೇ ಕೊಂಡರೆ ಏನನ್ನೂ ಬಿಟ್ಟು ಹೇಳಬೇಕಾಗಿಲ್ಲ. ‘ಕೆಂಟಕಿ ಸ್ಟ್ರೈಟ್ ಬರ್ಬನ್’ ಅಂದರೆ ಮುಗಿಯಿತು. ಯಾರ ಭಟ್ಟಿ ಅನ್ನುವುದು ಗುಟ್ಟಾಗಿಯೇ ಉಳಿಯುತ್ತದೆ.

ಇನ್ನೊಂದು ಗೊಂದಲ. ಲಾರೆನ್ಸ್‌ಬರ್ಗ್ ಅನ್ನುವ ಊರು ಎರಡಿವೆ. ಇಂಡಿಯಾನಾದ್ದು ಎಂಜಿಪಿಯ ಊರು. ಕೆಂಟಕಿಯ ಲಾರೆನ್ಸ್‌ಬರ್ಗ್‌ನಲ್ಲಿ ವೈಲ್ಡ್ ಟರ್ಕಿ ಮತ್ತು ಫೋರ್ ರೋಸಸ್ ಡಿಸ್ಟಿಲರಿಗಳಿವೆ. ಊರಿನ ಹೆಸರು ನೋಡಿ ನಿಲ್ಲಬೇಡಿ, ಪಕ್ಕದ ರಾಜ್ಯದ ಹೆಸರನ್ನೂ ನೋಡಿ.

ವಯಸ್ಸಿನ ಲೆಕ್ಕವೂ ಲೇಬಲ್‌ನಲ್ಲಿ ಸಿಗುತ್ತದೆ. ಬೇರೆ ಬೇರೆ ವಯಸ್ಸಿನ ವಿಸ್ಕಿ ಬೆರೆಸಿ ಒಂದೇ ಸಂಖ್ಯೆ ಹಾಕಿದ್ದರೆ ಅದು ಎಲ್ಲಕ್ಕಿಂತ ಎಳೆಯದರ ವಯಸ್ಸು. ಸ್ಟ್ರೈಟ್ ಬರ್ಬನ್ ನಾಲ್ಕು ವರ್ಷಕ್ಕಿಂತ ಎಳೆಯದಾದರೆ ವಯಸ್ಸು ಹಾಕಲೇಬೇಕು. ವಯಸ್ಸೇ ಹಾಕಿಲ್ಲ ಅಂದರೆ ಕನಿಷ್ಠ ನಾಲ್ಕು. ನೂರು ಡಾಲರ್ ಕೇಳುವವರು ವಯಸ್ಸು ಮುಚ್ಚಿಟ್ಟರೆ, ಹೇಳಿಕೊಳ್ಳುವಷ್ಟು ಇಲ್ಲ ಅಂತಲೇ ನಾನು ತಿಳಿಯುತ್ತೇನೆ. ‘ಸ್ಮಾಲ್ ಬ್ಯಾಚ್’ ಅನ್ನುವುದಕ್ಕೆ ಕಾನೂನಿನಲ್ಲಿ ಯಾವ ಅರ್ಥವೂ ಇಲ್ಲ. ಹತ್ತು ಪೀಪಾಯಿಯೂ ಸ್ಮಾಲ್ ಬ್ಯಾಚೇ, ಸಾವಿರ ಪೀಪಾಯಿಯೂ ಸ್ಮಾಲ್ ಬ್ಯಾಚೇ. ‘ಕೈಯಿಂದ ಆರಿಸಿದ್ದು’ ಕೂಡ ಅಷ್ಟೇ. ಕಾಲಿಂದ ಆರಿಸುವವರು ಯಾರಿದ್ದಾರೆ?

ಮುಚ್ಚಿಡಲು ಆಗದ ಒಂದು ಮಾತಿದೆ: ‘ಬಾಟಲ್ಡ್ ಇನ್ ಬಾಂಡ್’. 1897ರ ಕಾನೂನು ಅದು. ಆಗ ಬಣ್ಣ ಹಾಕಿದ ಕಚ್ಚಾ ಸ್ಪಿರಿಟ್ಟನ್ನೇ ಹಳೆಯ ವಿಸ್ಕಿ ಅಂತ ಮಾರುವವರ ಕಾಟ ವಿಪರೀತವಾಗಿತ್ತು. ಅದಕ್ಕೆ ಮದ್ದಾಗಿ ಸರ್ಕಾರವೇ ಖಾತ್ರಿಗೆ ನಿಂತಿತು. ಒಂದೇ ಡಿಸ್ಟಿಲರಿ, ಒಂದೇ ಹಂಗಾಮು, ಕನಿಷ್ಠ ನಾಲ್ಕು ವರ್ಷ, ಸರಿಯಾಗಿ 50% ಆಲ್ಕೊಹಾಲ್. ಭಟ್ಟಿ ಇಳಿಸಿದ ಡಿಸ್ಟಿಲರಿಯ ಗುರುತು ಬಾಟಲಿಯ ಮೇಲೆ ಇರಲೇಬೇಕು, ಸಾಮಾನ್ಯವಾಗಿ ಅದರ ನೋಂದಣಿ ಸಂಖ್ಯೆಯ ರೂಪದಲ್ಲಿ. ಉದಾಹರಣೆಗೆ ‘ಡಿಎಸ್‌ಪಿ-ಕೆವೈ-113’ ಅಂದರೆ ಕೆಂಟಕಿಯ ಬಫಲೋ ಟ್ರೇಸ್ ಡಿಸ್ಟಿಲರಿ. ಬ್ರ್ಯಾಂಡ್ ಹೆಸರು ಏನೇ ಇರಲಿ, ಈ ಸಂಖ್ಯೆ ಮನೆ ವಿಳಾಸ ಹೇಳಿಬಿಡುತ್ತದೆ.

ದುಡ್ಡು ಹೋಗುವುದು ಎಲ್ಲಿಗೆ

ಈಗ ಬೆಲೆಗೆ ಬರೋಣ. ಬರ್ಬನ್ ಪೀಪಾಯಿ ಸಾಮಾನ್ಯವಾಗಿ 53 ಗ್ಯಾಲನ್ನಿನದು, ಅಂದರೆ ಸುಮಾರು 200 ಲೀಟರ್. ವರ್ಷಕ್ಕೆ 3ರಿಂದ 5% ಆವಿಯಾಗಿ ಹೋಗುತ್ತದೆ. ಮರವೂ ಒಂದಷ್ಟು ಹೀರುತ್ತದೆ. ಒರಟು ಲೆಕ್ಕ ಹಾಕೋಣ. ಐದು ವರ್ಷಕ್ಕೆ 160 ಲೀಟರ್ ಉಳಿಯಿತು ಅಂದುಕೊಳ್ಳಿ, ಆಲ್ಕೊಹಾಲ್ 62%. ನೀರು ಬೆರೆಸಿ 45%ಗೆ ಇಳಿಸಿದರೆ 220 ಲೀಟರ್ ಆಗುತ್ತದೆ. 750 ಎಂಎಲ್‌ನ ಬಾಟಲಿ 290ಕ್ಕಿಂತ ಜಾಸ್ತಿಯೇ ಸಿಗುತ್ತದೆ. ಅದೇ ಪೀಪಾಯಿಯನ್ನು ಹನ್ನೆರಡು ವರ್ಷ ಬಿಟ್ಟರೆ ಉಳಿಯುವುದು 115 ಲೀಟರ್ ಇರಬಹುದು. ನೀರು ಬೆರೆಸದೆ, ಪೀಪಾಯಿಯಿಂದ ಬಂದ ಹಾಗೇ ತುಂಬಿದರೆ 153 ಬಾಟಲಿ. ಹೆಚ್ಚುಕಡಿಮೆ ಅರ್ಧ! ಮೇಲೆ ಏಳು ವರ್ಷದ ಗೋದಾಮು ಬಾಡಿಗೆ, ಬಡ್ಡಿ, ತೆರಿಗೆ. ಹಾಗಾಗಿ ಹನ್ನೆರಡು ವರ್ಷದ, ನೀರು ಬೆರೆಸದ ಬರ್ಬನ್ನು ಐದು ವರ್ಷದ್ದಕ್ಕಿಂತ ಎರಡು ಮೂರು ಪಟ್ಟು ದುಬಾರಿಯಾದರೆ ಅದರಲ್ಲಿ ನ್ಯಾಯವಿದೆ.

ನೀರಿನ ವಿಷಯವನ್ನು ಜನ ಮರೆಯುತ್ತಾರೆ. 60% ಇರುವ ಬಾಟಲಿಯಲ್ಲಿ 45% ಇರುವುದಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ ಆಲ್ಕೊಹಾಲ್ ಇದೆ. ಮನೆಯಲ್ಲಿ ನೀವೇ ನೀರು ಬೆರೆಸಿಕೊಂಡರೆ ಒಂದೂಕಾಲು ಬಾಟಲಿಗಿಂತ ಜಾಸ್ತಿಯೇ ಆಗುತ್ತದೆ. 60%ನ ಅರವತ್ತು ಡಾಲರ್ ಬಾಟಲಿ ಮತ್ತು 45%ನ ನಲವತ್ತೈದು ಡಾಲರ್ ಬಾಟಲಿ, ಈ ಲೆಕ್ಕದಲ್ಲಿ ಒಂದೇ ಬೆಲೆಯವು.

ತೆರಿಗೆಯಿಂದಲೇ ದುಬಾರಿ ಅನ್ನುವ ಮಾತು ಅಲ್ಲಿ ಅಷ್ಟು ನಿಲ್ಲುವುದಿಲ್ಲ. ಕೇಂದ್ರದ ಅಬಕಾರಿ ತೆರಿಗೆ ಪೂರ್ತಿ ದರದಲ್ಲಿ ಹಾಕಿದರೂ 50%ನ ಒಂದು ಬಾಟಲಿಗೆ ಮೂರು ಡಾಲರ್ ಮುಟ್ಟುವುದಿಲ್ಲ. ರಾಜ್ಯದ ತೆರಿಗೆ ಬೇರೆ ಇರುತ್ತದೆ, ಅದು ಊರಿಂದೂರಿಗೆ ವ್ಯತ್ಯಾಸ. ಜೇಬಿಗೆ ಭಾರವಾಗುವುದು ಮಧ್ಯದ ಕೈಗಳು. ಪಾನನಿಷೇಧ 1933ರಲ್ಲಿ ಹೋದ ಮೇಲೆ ಬಹುಪಾಲು ಕಡೆ ತಯಾರಕ, ವಿತರಕ, ಅಂಗಡಿ ಅನ್ನುವ ಮೂರು ಮೆಟ್ಟಿಲ ವ್ಯವಸ್ಥೆ ಬಂತು. ಪ್ರತಿ ಮೆಟ್ಟಿಲಲ್ಲೂ ಲಾಭ ಸೇರುತ್ತದೆ. ಕೊಂಡ ಸರಕಿನ ಬ್ರ್ಯಾಂಡ್ ಆದರೆ ಇವೆಲ್ಲಕ್ಕೂ ಮುಂಚೆ ಇನ್ನೊಂದು ಲಾಭ ಸೇರಿಬಿಟ್ಟಿರುತ್ತದೆ: ಪೀಪಾಯಿ ಮಾರಿದವರದ್ದು.

ಅದಕ್ಕೇ ಎಳೆಯ ಸರಕಿನಲ್ಲಿ ಕೊಂಡು ಮಾರುವವರು ದೊಡ್ಡ ಡಿಸ್ಟಿಲರಿಗಳ ಎದುರು ಬೆಲೆಯಲ್ಲಿ ನಿಲ್ಲುವುದು ಕಷ್ಟ. ಇವಾನ್ ವಿಲಿಯಮ್ಸ್ ಬಿಳಿ ಲೇಬಲ್, ಬಾಟಲ್ಡ್ ಇನ್ ಬಾಂಡ್, ಇಪ್ಪತ್ತು ಡಾಲರ್ ಆಸುಪಾಸು. ವೈಲ್ಡ್ ಟರ್ಕಿ 101, 50.5%, ಇಪ್ಪತ್ತೈದು ಡಾಲರ್ ಆಸುಪಾಸು. ಎಲೈಜಾ ಕ್ರೇಗ್ ಬ್ಯಾರೆಲ್ ಪ್ರೂಫ್, ಹತ್ತು ವರ್ಷ ದಾಟಿದ್ದು, ನೀರು ಬೆರೆಸದ್ದು, ಎಪ್ಪತ್ತು ಎಪ್ಪತ್ತೈದು ಡಾಲರ್. ಇವು ನನ್ನ ಅಳತೆಗೋಲು. ಯಾವುದೇ ಹೊಸ ಹೆಸರಿನ ಬಾಟಲಿ ಎತ್ತಿಕೊಂಡಾಗ ಈ ಮೂರರಲ್ಲಿ ಯಾವುದರ ಪಕ್ಕ ನಿಲ್ಲುತ್ತದೆ ಅಂತ ನೋಡುತ್ತೇನೆ. ಐದು ವರ್ಷದ, 45%ನ, ಕೊಂಡ ಬರ್ಬನ್‌ಗೆ ಎಂಬತ್ತು ಡಾಲರ್ ಕೇಳಿದರೆ ಸುಮ್ನೆ ವಾಪಸ್ ಇಡುತ್ತೇನೆ. ಅದರಲ್ಲಿ ಐವತ್ತು ಡಾಲರ್ ಗಾಜಿಗೂ ಕಥೆಗೂ ಹೋಗುತ್ತದೆ.

ಕಥೆಗೆ ಎಷ್ಟು ಬೆಲೆ ಕಟ್ಟಬಹುದು ಅನ್ನುವುದಕ್ಕೆ ಕೆಂಟಕಿ ಔಲ್ ಒಳ್ಳೆಯ ಉದಾಹರಣೆ. 1879ರಲ್ಲಿ ಡೆಡ್‌ಮನ್ ಕುಟುಂಬ ಶುರು ಮಾಡಿದ ಹೆಸರು ಅದು, ಪಾನನಿಷೇಧದಲ್ಲಿ ನಿಂತುಹೋಯಿತು. ಅದೇ ಕುಟುಂಬದ ಡಿಕ್ಸನ್ ಡೆಡ್‌ಮನ್ 2014ರಲ್ಲಿ ಅದನ್ನು ಮತ್ತೆ ಎಬ್ಬಿಸಿದರು. ಕೊಂಡ ಪೀಪಾಯಿಗಳನ್ನು ಬೆರೆಸಿ, ನೀರು ಹಾಕದೆ ತಂದ ಮೊದಲ ಬ್ಯಾಚ್‌ಗಳಿಗೆ ಜನ ಮುಗಿಬಿದ್ದರು. ಮುಗಿಬಿದ್ದದ್ದರಲ್ಲಿ ತಪ್ಪಿಲ್ಲ, ಬೆರೆಸುವ ಕೈ ಚೆನ್ನಾಗಿತ್ತು. 2017ರಲ್ಲಿ ವೋಡ್ಕಾಗೆ ಹೆಸರಾದ ಸ್ಟೋಲಿ ಆ ಬ್ರ್ಯಾಂಡನ್ನು ಕೊಂಡಿತು. ಮುಂದೆ ‘ಕನ್ಫಿಸ್ಕೇಟೆಡ್’ ಅಂತ ಒಂದು ಬಾಟಲಿ ಬಂತು. ವಯಸ್ಸು ಬರೆದಿಲ್ಲ, ಯಾರ ಭಟ್ಟಿ ಅಂತ ಬರೆದಿಲ್ಲ, 48.2% ಆಲ್ಕೊಹಾಲ್, ಬೆಲೆ ಸುಮಾರು 125 ಡಾಲರ್. ಹೆಸರು ಮಾತ್ರ ಸೊಗಸು: ಪಾನನಿಷೇಧದಲ್ಲಿ ಸರ್ಕಾರ ಜಪ್ತಿ ಮಾಡಿದ ಪೀಪಾಯಿಗಳ ನೆನಪಿಗೆ ಇಟ್ಟದ್ದು. ಆ ಪೀಪಾಯಿಗಳ ಒಂದು ಹನಿಯೂ ಈ ಬಾಟಲಿಯಲ್ಲಿ ಇರಲು ಸಾಧ್ಯವಿಲ್ಲ. 2024ರ ನವೆಂಬರ್‌ನಲ್ಲಿ ಸ್ಟೋಲಿಯ ಅಮೆರಿಕದ ಕಂಪನಿ ಮತ್ತು ಕೆಂಟಕಿ ಔಲ್ ಎರಡೂ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋದವು.

ಕೊಡಬಹುದಾದ ಕಡೆ

ಹಾಗಂತ ಕೊಂಡ ಬರ್ಬನ್ ಎಲ್ಲವನ್ನೂ ತಳ್ಳಿಹಾಕಿದರೆ ನಷ್ಟ ನಮಗೇ. ಅತಿ ಹೆಸರುವಾಸಿಯಾದ ಬರ್ಬನ್ನಿಗೇ ಸ್ವಂತ ಭಟ್ಟಿ ಇಲ್ಲ. ಪ್ಯಾಪಿ ವ್ಯಾನ್ ವಿಂಕಲ್ ನೋಡಿ. ಆ ಕುಟುಂಬದ ಸ್ಟಿಟ್ಜೆಲ್-ವೆಲ್ಲರ್ ಡಿಸ್ಟಿಲರಿ ಲೂಯಿವಿಲ್‌ನಲ್ಲಿ 1935ರಲ್ಲಿ ಶುರುವಾಗಿತ್ತು. 1972ರಲ್ಲಿ ಅದನ್ನು ಮಾರಿದರು. ಹಳೆಯ ಲೇಬಲ್ ಒಂದನ್ನು ಉಳಿಸಿಕೊಂಡು, ಬೇರೆ ಕಡೆಯಿಂದ ಪೀಪಾಯಿ ಕೊಂಡು ತುಂಬಿ ಮಾರಿದರು. ಯಾರಿಗೂ ಬೇಡವಾಗಿದ್ದ ಹಳೆಯ ಪೀಪಾಯಿಗಳು ಆಗ ಅಗ್ಗಕ್ಕೆ ಸಿಗುತ್ತಿದ್ದವು. ಅವುಗಳಲ್ಲಿ ಒಳ್ಳೆಯದನ್ನು ಗುರುತಿಸುವ ನಾಲಗೆ ಅವರಿಗಿತ್ತು. 2002ರಿಂದ ಬಫಲೋ ಟ್ರೇಸ್ ಅದನ್ನು ತಯಾರಿಸುತ್ತಿದೆ. ಇವತ್ತು ಅದು ಕೈಬದಲಾಗುವ ಸಾವಿರಾರು ಡಾಲರ್ ಬೆಲೆ ಯಾವ ರುಚಿಯ ಲೆಕ್ಕಕ್ಕೂ ಸಿಗುವುದಿಲ್ಲ, ಆ ಮಾತು ಬೇರೆ.

ಆರಿಸುವ ನಾಲಗೆ, ಬೆರೆಸುವ ಕೈ. ಇವೆರಡಕ್ಕೆ ದುಡ್ಡು ಕೊಡುವುದರಲ್ಲಿ ನನಗೆ ತಕರಾರಿಲ್ಲ. ಲೂಯಿವಿಲ್‌ನ ಬ್ಯಾರೆಲ್ ಕ್ರಾಫ್ಟ್ ಸ್ಪಿರಿಟ್ಸ್ 2013ರಲ್ಲಿ ಶುರುವಾಯಿತು. ಇಂಡಿಯಾನಾ, ಟೆನೆಸಿ, ಕೆಂಟಕಿಯ ಪೀಪಾಯಿಗಳನ್ನು ಬೆರೆಸಿ, ನೀರು ಹಾಕದೆ ತುಂಬುತ್ತಾರೆ. ಯಾವ ರಾಜ್ಯದ್ದು ಅಂತ ಬಚ್ಚಿಡುವುದಿಲ್ಲ. ಬೆಲೆ ತೊಂಬತ್ತು ಡಾಲರ್ ಆಸುಪಾಸು. ಟೆನೆಸಿಯ ಸರಕಿಗೆ ಒಂದು ರುಚಿ, ಇಂಡಿಯಾನಾದ ಜಾಸ್ತಿ ರೈ ಇರುವ ಸರಕಿಗೆ ಇನ್ನೊಂದು. ಇವನ್ನು ಒಂದೇ ಬಾಟಲಿಯಲ್ಲಿ ಒಗ್ಗಿಸುವುದು ಸಣ್ಣ ಕೆಲಸವಲ್ಲ, ಮತ್ತು ಒಂದೇ ಭಟ್ಟಿ ಇರುವವರಿಂದ ಆ ರುಚಿ ಬರುವುದೂ ಕಷ್ಟ. ಅಂದ ಹಾಗೆ, ಬೇರೆ ಬೇರೆ ರಾಜ್ಯದ ಬರ್ಬನ್ ಬೆರೆಸಿದರೆ ಲೇಬಲ್ ಮೇಲೆ ‘ಬ್ಲೆಂಡ್ ಆಫ್ ಸ್ಟ್ರೈಟ್ ಬರ್ಬನ್ ವಿಸ್ಕೀಸ್’ ಅಂತ ಬರುತ್ತದೆ. ಬ್ಲೆಂಡ್ ಅನ್ನುವ ಪದ ಕಂಡು ಹೆದರಬೇಡಿ.

ಎಂಜಿಪಿಯದೇ 36% ರೈ ಇರುವ ಬರ್ಬನ್ ಮಾದರಿಯೂ ಅಂಥದ್ದೇ. ಮಾಮೂಲಿ ಬರ್ಬನ್‌ಗಿಂತ ಖಾರ ಜಾಸ್ತಿ, ಸಿಹಿ ಕಡಿಮೆ. ಅದನ್ನು ಎಂಟೊಂಬತ್ತು ವರ್ಷ ಇಟ್ಟು, ಒಂದೇ ಪೀಪಾಯಿಯಿಂದ ನೀರು ಬೆರೆಸದೆ ತುಂಬಿದ ಬಾಟಲಿ ಎಪ್ಪತ್ತು ಎಂಬತ್ತು ಡಾಲರ್‌ಗೆ ಸಿಕ್ಕರೆ ನಾನು ಲೇಬಲ್‌ನ ಕುದುರೆ, ಮೀಸೆ ಯಾವುದನ್ನೂ ನೋಡುವುದಿಲ್ಲ.

ವಯಸ್ಸಿನ ಹುಚ್ಚಿಗೂ ಒಂದು ಮಿತಿ ಇರಲಿ. ಹೊಸ ಪೀಪಾಯಿ ಬೇಗ ಬಣ್ಣ, ವೆನಿಲಾ, ಸಿಹಿ ಕೊಡುತ್ತದೆ. ಹಾಗೆಯೇ ಬೇಗ ಒಗರನ್ನೂ ಕೊಡುತ್ತದೆ. ಹದಿನೈದು ವರ್ಷ ದಾಟಿದ ಬರ್ಬನ್‌ಗಳಲ್ಲಿ ಹಲವು ಮರದ ಕಷಾಯದ ಹಾಗೆ ಇರುತ್ತವೆ. ಸ್ಕಾಚ್‌ನ ವಯಸ್ಸಿನ ಲೆಕ್ಕವನ್ನು ಇಲ್ಲಿಗೆ ತರಬಾರದು. ಸ್ಕಾಟ್ಲೆಂಡ್ ತಂಪು, ಅವರ ಪೀಪಾಯಿಗಳಲ್ಲಿ ಹೆಚ್ಚಿನವು ಒಮ್ಮೆ ಬರ್ಬನ್ ಹಾಕಿ ಖಾಲಿಯಾದವು. ಬರ್ಬನ್‌ಗೆ ಹೊಸದೇ ಬೇಕು ಅನ್ನುವ ನಿಯಮದಿಂದ ಆ ಹಳೆಯ ಪೀಪಾಯಿಗಳು ಜಗತ್ತೆಲ್ಲ ಸುತ್ತುತ್ತವೆ. ಬೆಂಗಳೂರಿನ ಕುಂಬಳಗೋಡಿನ ಅಮೃತ್ ಡಿಸ್ಟಿಲರಿಗೂ ಬರುತ್ತವೆ. ಅಲ್ಲಿ ವರ್ಷಕ್ಕೆ 10%ಗೂ ಮೀರಿ ಆವಿಯಾಗುತ್ತದೆ, ಹಾಗಾಗಿ ನಾಲ್ಕೈದು ವರ್ಷಕ್ಕೇ ಮಾಲ್ಟ್ ವಿಸ್ಕಿ ಹಣ್ಣಾಗುತ್ತದೆ.

ಇನ್ನೊಂದು ಮಾತು, ಕಾಲದ ಬಗ್ಗೆ. ಐದಾರು ವರ್ಷದ ಹಿಂದೆ ಪೀಪಾಯಿಗೆ ಬರ ಇತ್ತು, ಮಾರುವವರು ಹೇಳಿದ್ದೇ ಬೆಲೆ. ಈಗ ಉಲ್ಟಾ. 2025ರ ಆರಂಭದಲ್ಲಿ ಕೆಂಟಕಿಯ ಗೋದಾಮುಗಳಲ್ಲಿ 1.6 ಕೋಟಿ ಪೀಪಾಯಿ ಇದ್ದವು. ಆ ರಾಜ್ಯದ ಜನಸಂಖ್ಯೆಯೇ ಸುಮಾರು 45 ಲಕ್ಷ, ತಲೆಗೆ ಮೂರು ಪೀಪಾಯಿಗಿಂತ ಜಾಸ್ತಿ. ಕುಡಿಯುವವರು ಅಷ್ಟು ಬೆಳೆದಿಲ್ಲ. ಕ್ಲೆರ್‌ಮಾಂಟ್‌ನ ತನ್ನ ಮುಖ್ಯ ಡಿಸ್ಟಿಲರಿಯನ್ನು 2026ರಲ್ಲಿ ನಿಲ್ಲಿಸಿರುತ್ತೇವೆ ಅಂತ ಜಿಮ್ ಬೀಮ್ ಕಂಪನಿಯೇ ಹೇಳಿತು. ಪೀಪಾಯಿ ಅಗ್ಗವಾದಾಗ ಕೊಂಡು ಮಾರುವವರ ಖರ್ಚೂ ಇಳಿಯುತ್ತದೆ. ಲೇಬಲ್ ಮೇಲಿನ ಬೆಲೆ ಮಾತ್ರ ತಾನಾಗಿ ಇಳಿಯುವುದಿಲ್ಲ. ನೂರಿಪ್ಪತ್ತು ಡಾಲರ್‌ನ ಬಾಟಲಿ ತಿಂಗಳುಗಟ್ಟಲೆ ಅದೇ ಕಪಾಟಿನಲ್ಲಿ ಧೂಳು ಹಿಡಿದಿದ್ದರೆ ಅಂಗಡಿಯವರನ್ನು ಕೇಳಿ ನೋಡಿ. ಚೌಕಾಸಿಗೆ ಇದು ಒಳ್ಳೆಯ ಕಾಲ.

ಊರಿಗೆ ತರುವವರಿಗೆ ಲೆಕ್ಕ ಇನ್ನೂ ಬಿಗಿ. 2025ರ ಫೆಬ್ರವರಿಯಲ್ಲಿ ಭಾರತ ಬರ್ಬನ್ ಮೇಲಿನ ಆಮದು ಸುಂಕವನ್ನು 150%ನಿಂದ 100%ಗೆ ಇಳಿಸಿತು. ಮೇಲೆ ರಾಜ್ಯದ ಅಬಕಾರಿ ಸುಂಕ ಇದ್ದೇ ಇದೆ. ನಮ್ಮ ಅಂಗಡಿಗಳಲ್ಲಿ ಸಿಗುವುದು ಜಿಮ್ ಬೀಮ್‌ನಂಥ ದೊಡ್ಡ ಹೆಸರುಗಳು, ಈ ಲೇಖನದ ಬಾಟಲಿಗಳು ಬರುವುದು ಸಾಮಾನ್ಯವಾಗಿ ಸೂಟ್‌ಕೇಸಿನಲ್ಲೇ. ಸುಂಕವಿಲ್ಲದೆ ಒಬ್ಬರು ತರಬಹುದಾದದ್ದು ಎರಡು ಲೀಟರ್, ಅಂದರೆ 750 ಎಂಎಲ್‌ನ ಎರಡು ಬಾಟಲಿ. “ಒಂದು ಒಳ್ಳೇದು ತಗೊಂಡು ಬಾರೋ” ಅಂತ ಭಾವ ಫೋನ್ ಮಾಡಿದರೆ, ಒಂದು ಜಾಗವನ್ನು ನೀರು ಬೆರೆಸದ, ವಯಸ್ಸೂ ರಾಜ್ಯವೂ ಬರೆದಿರುವ ಕೊಂಡ ಬರ್ಬನ್‌ಗೆ ಕೊಡಿ. ಇನ್ನೊಂದಕ್ಕೆ ಇಪ್ಪತ್ತೈದು ಡಾಲರ್‌ನ ವೈಲ್ಡ್ ಟರ್ಕಿ 101 ಹಾಕಿ. ಎರಡನ್ನೂ ಹೆಸರು ಹೇಳದೆ ಭಾವನಿಗೆ ಸುರಿದುಕೊಡಿ, ಬೆಲೆಯನ್ನು ಆಮೇಲೆ ಹೇಳಿದರಾಯಿತು.